ಗ್ರಾಮತಕ್ಷನೂ ಕಟ್ಟುಕೊಡಗೆಯೂ : ಕೋಲಾರದ ಸೀಮೆಯಲ್ಲಿ ಊರೊಟ್ಟಿನ ಶಿಲ್ಪಕ್ಕೆ ದೊರೆತ ಕಿರುದಾನಗಳು

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸಮಾಸಾಂತ ಪ್ರತ್ಯಯಗಳನ್ನು ವಿಧಿಸುವ ಪ್ರಕರಣದ ಒಂದು ಸೂತ್ರದಿಂದ (5-4-95) ‘ಗ್ರಾಮತಕ್ಷ’, ‘ಕೌಟತಕ್ಷ’ ಎಂಬ ಎರಡು ರೂಪಗಳು ಸಿದ್ಧಿಸುತ್ತವೆ. ತಕ್ಷನೆಂದರೆ ಬಡಗಿ. ಗ್ರಾಮತಕ್ಷನು ಊರಿನ ಅನೇಕರಿಗೆ ಸಾಧಾರಣನಾದವನು; ಕೌಟತಕ್ಷನು ತನ್ನ ಗುಡಿಸಿಲಿನಲ್ಲಿಯೇ ಕುಳಿತು ಸ್ವತಂತ್ರವಾಗಿ ಕೆಲಸಮಾಡಿ ಜೀವಿಸತಕ್ಕವನು, ಯಾರಿಗೂ ಕಟ್ಟುಬಿದ್ದವನಲ್ಲ ಎಂಬುದು ಕಾಶಿಕಾವೃತ್ತಿಯ ವಿವರಣೆಯ ತಾತ್ಪರ್ಯ. ವೈಯಾಕರಣನಿಗೆ ಇಲ್ಲಿ ಬೇಕಾದುದು ಶಬ್ದರೂಪವೊಂದೇ. ಆದರೆ ಇತಿಹಾಸವನ್ನು ಶೋಧಿಸುವವನಿಗೆ ಈ ಎರಡು ಪದಗಳ ನಡುವೆ ಒಂದು ದೊಡ್ಡ ಪ್ರಶ್ನೆಯೇ ಅಡಗಿದೆ. ಕುಶಲಿಯಾದ ಶಿಲ್ಪಿಯೊಬ್ಬನು ಊರೊಟ್ಟಿಗೆ ಸಾಧಾರಣನಾಗಬೇಕಾದರೆ ಊರು ಅವನಿಗೆ ಏನನ್ನು ಕೊಡಬೇಕು? ಕೊಟ್ಟುದನ್ನು ಯಾವ ಕಟ್ಟಳೆಗೆ ಒಳಪಡಿಸಬೇಕು?

ಕರ್ನಾಟಕದ ಪ್ರಾಚೀನ ಶಿಲ್ಪಿಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಶಿಲ್ಪಕ್ಕೆ ಆಶ್ರಯವು ಅರಮನೆ ದೇವಾಲಯಗಳಿಂದ ಮಾತ್ರ ದೊರೆಯುತ್ತಿದ್ದಿತು, ಊರಿನ ನಿತ್ಯೋಪಯೋಗದ ವಸ್ತುಗಳಿಗೆ ದೊರೆಯುತ್ತಿರಲಿಲ್ಲ ಎಂಬುದು ಒಂದು. ಶಿಲ್ಪಿಗಳು ಹೆಸರನ್ನಾಗಲಿ ಪ್ರತಿಫಲವನ್ನಾಗಲಿ ಬಯಸದೆ ಭಕ್ತಿಯೊಂದರಿಂದಲೇ ದುಡಿಯುತ್ತಿದ್ದರು ಎಂಬುದು ಮತ್ತೊಂದು. ಕೋಲಾರದ ಸೀಮೆಯ ಶಾಸನಗಳನ್ನೂ ಅಲ್ಲಿ ಉಳಿದಿರುವ ಕಲ್ಗೆಲಸಗಳನ್ನೂ ಜೊತೆಗಿಟ್ಟು ನೋಡಿದರೆ ಇವೆರಡನ್ನೂ ತಿದ್ದಿಕೊಳ್ಳಬೇಕಾಗುತ್ತದೆ.

ಮೊದಲು ‘ಶಿಲ್ಪ’ಶಬ್ದದ ವಿಚಾರ. ಐತರೇಯ ಬ್ರಾಹ್ಮಣದಲ್ಲಿ ಶಿಲ್ಪಕ್ಕೆ ಕೊಟ್ಟಿರುವ ನಿದರ್ಶನಗಳೆಂದರೆ ಆನೆ, ಕಂಚು, ವಸ್ತ್ರ, ಚಿನ್ನ, ಹೇಸರಗತ್ತೆಯ ರಥ. ಉಡತಕ್ಕ ಬಟ್ಟೆಯೂ ಏರತಕ್ಕ ರಥವೂ ನೋಡಿ ಆನಂದಿಸತಕ್ಕ ವಸ್ತುವಿನ ಸಾಲಿನಲ್ಲಿಯೇ ನಿಂತಿವೆ. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಗೀತ, ವಾದ್ಯ, ನೃತ್ಯ, ಆಲೇಖ್ಯಗಳೊಡನೆ ತಕ್ಷಣವೂ ವಾಸ್ತುವಿದ್ಯೆಯೂ ಸೇರಿವೆ. ಆದುದರಿಂದ ಉಪಯೋಗಕ್ಕೆ ಬರುವುದು ಬೇರೆ, ಸುಂದರವಾದುದು ಬೇರೆ ಎಂಬ ವಿಭಾಗವು ಈ ನಾಡಿನ ಹಳೆಯ ಗ್ರಂಥಗಳಿಗೆ ಸಮ್ಮತವಾದುದಲ್ಲ. ಧರ್ಮಶಾಸ್ತ್ರವು ವಾಪೀ ಕೂಪ ತಟಾಕಾದಿಗಳ ನಿರ್ಮಾಣವನ್ನು ‘ಪೂರ್ತ’ವೆಂದು ಕರೆದು ಯಾಗಾದಿಗಳಾದ ‘ಇಷ್ಟ’ದೊಡನೆ ಹೇಳಿದೆ. ಸಪ್ತಸಂತಾನಗಳ ಎಣಿಕೆಯಲ್ಲಿ ಕೆರೆಯೂ ಕಾವ್ಯವೂ ಮಗನೂ ಒಡಹುಟ್ಟಿದವರಂತೆ ಒಟ್ಟಿಗೆ ಕುಳಿತಿರುತ್ತವೆ.

ಇನ್ನು ಕೋಲಾರದ ಸೀಮೆಯ ಊರೊಟ್ಟಿನ ಶಿಲ್ಪಗಳು ಯಾವುವು ಎಂಬುದನ್ನು ನೋಡಬೇಕು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ನಾಡಿನ ಜೀವವೆಲ್ಲ ಕೆರೆಯಲ್ಲಿದೆ. ಕೆರೆಯ ಜೀವವು ತೂಬಿನಲ್ಲಿದೆ. ಏರಿಯ ಒಳಮಗ್ಗುಲಲ್ಲಿ ನೀರಿನ ನಡುವೆ ಎರಡು ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳಿಗೆ ಅಡ್ಡಲಾಗಿ ರಂಧ್ರವುಳ್ಳ ಹಾಸುಗಲ್ಲುಗಳನ್ನು ಸೇರಿಸಿ, ಬಿರಡೆಯನ್ನು ಎತ್ತಿ ಇಳಿಸಿ ಗದ್ದೆಗೆ ನೀರು ಬಿಡುವುದು ಪೂರ್ವದ ಪದ್ಧತಿ. ಈ ಕೆಲಸಕ್ಕೆ ಎರಡು ಒರಟು ಕಂಬಗಳು ಸಾಕು. ಆದರೂ ಹಲವೆಡೆ ತೂಬಿನ ಕಂಬಗಳನ್ನು ನಯಗೊಳಿಸಿ, ತಲೆಯನ್ನು ತಿದ್ದಿ, ಮೇಲಣ ಅಡ್ಡಗಲ್ಲಿನಲ್ಲಿ ಗಜಲಕ್ಷ್ಮಿಯನ್ನೋ ಗಣಪತಿಯನ್ನೋ ಬಿಡಿಸಿರುವುದುಂಟು. ಕೆಲವು ಕಂಬಗಳ ಮೇಲೆಯೇ ಶಾಸನವಿದೆ. ಅಶ್ವತ್ಥದ ಬುಡದ ಕಟ್ಟೆಯೂ ಹೀಗೆಯೇ. ಅದು ನಾಗರಕಲ್ಲುಗಳ ಪೀಠ, ಪಂಚಾಯಿತಿಯ ಆಸನ, ದಾರಿಹೋಕನಿಗೆ ತಂಪಾದ ತಾವು. ಊರ ಬಾಗಿಲ ವೀರಗಲ್ಲು ಸತ್ತವನ ಸ್ಮಾರಕವಾಗಿರುವಂತೆಯೇ ಬದುಕಿರುವವರಿಗೆ ಕೊಟ್ಟ ದಾನದ ದಾಖಲೆಯೂ ಆಗಿರುವುದು.

ಇವುಗಳಿಗೆ ಸಂಬಂಧಿಸಿದ ದಾನಗಳು ಬಹುಮಟ್ಟಿಗೆ ಸಣ್ಣವು. ಬಿತ್ತುವ ಬೀಜದ ಅಳತೆಯಿಂದ ಹೇಳುವ ಖಂಡುಗ, ಸಲಗೆ, ಕೊಳಗಗಳ ಲೆಕ್ಕದ ಗದ್ದೆ ಬೆದ್ದಲುಗಳು ಅವು. ಹೆಸರುಗಳು ಮಾತ್ರ ಬಗೆಬಗೆಯಾಗಿವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದುದನ್ನು ಸರಿಪಡಿಸಿದವನಿಗೆ ಆ ಕೆರೆಯ ಕೆಳಗಣ ನೆಲದಲ್ಲಿ ಬಿಟ್ಟುಕೊಟ್ಟ ಪಾಲು ‘ಬಿತ್ತುವಟ್ಟ’; ಕಟ್ಟೆಯನ್ನು ಕಟ್ಟಿದುದಕ್ಕಾಗಿ ಕೊಟ್ಟ ಭೂಮಿ ‘ಕಟ್ಟುಕೊಡಗೆ’; ಕೋಲಾರ ಮುಳಬಾಗಿಲುಗಳ ಕಡೆಯಲ್ಲಿಯೂ ಅದಕ್ಕೆ ಹೊಂದಿದ ತೆಲುಗು ಸೀಮೆಯಲ್ಲಿಯೂ ವಿಶೇಷವಾಗಿ ಕಾಣಬರುವ ‘ದಶವಂದ’ವು ಹೆಸರೇ ಹೇಳುವಂತೆ ಮೂಲದಲ್ಲಿ ಹತ್ತರಲ್ಲೊಂದು ಪಾಲು. ಕೆರೆಯ ಹೂಳನ್ನೆತ್ತುವ ಬಂಡಿಯನ್ನೂ ಅದರ ಕೋಣಗಳನ್ನೂ ಆಳನ್ನೂ ನಡೆಯಿಸಲು ವಿಜಯನಗರದ ಕಾಲದಲ್ಲಿ ಬಿಟ್ಟ ಭೂಮಿಗಳು ಬೇರೆ ಇವೆ.

ಈ ದಾನಗಳ ಮರ್ಮವು ಅವುಗಳ ಪರಿಮಾಣದಲ್ಲಿಲ್ಲ, ಕಟ್ಟಳೆಯಲ್ಲಿದೆ. ದಶವಂದವನ್ನು ಪಡೆದವನ ಗದ್ದೆಯು ಅವನೇ ನಿಲ್ಲಿಸಿದ ಕೆರೆಯ ಕೆಳಗೆ ಇರುವುದು. ತೂಬು ಸೋರಿದರೆ ಮೊದಲು ಒಣಗತಕ್ಕದ್ದರಲ್ಲಿ ಅವನ ಪೈರೂ ಒಂದು. ಕೆಲಸವು ಮುಗಿದ ದಿನ ಹಣವನ್ನೆಣಿಸಿ ಕೈತೊಳೆದುಕೊಳ್ಳುವ ವ್ಯವಹಾರವು ಇದಲ್ಲ. ಕೃತಿಯು ಬಾಳುವವರೆಗೆ ಕರ್ತೃವೂ ಬಾಳುವಂತೆ, ಕೃತಿಯು ಕೆಟ್ಟರೆ ಕರ್ತೃವಿಗೂ ನಷ್ಟವಾಗುವಂತೆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಏರ್ಪಾಡು ಇದು. ಶಾಸನಗಳ ‘ಆಚಂದ್ರಾರ್ಕ’ವೆಂಬ ಮಾತು ಇಲ್ಲಿ ಅಲಂಕಾರವಲ್ಲ, ಕರಾರಿನ ಒಂದು ಅಂಗ.

ಕೆರೆಯಲ್ಲದ ಕೃತಿಗಳಿಗೂ ಇದೇ ನ್ಯಾಯವು ಅನ್ವಯಿಸುತ್ತಿದ್ದಿತೆಂಬುದಕ್ಕೆ ಮದ್ದೂರಿನ ಬಳಿಯ ಆತಕೂರಿನ ಶಾಸನವು ಪ್ರಸಿದ್ಧವಾದ ನಿದರ್ಶನ. ಹತ್ತನೆಯ ಶತಮಾನದ ನಡುವೆ ತಕ್ಕೋಲದ ಕಾಳಗವಾದ ಬಳಿಕ ಹುಟ್ಟಿದ ಈ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ನೆನಪಿಗಾಗಿ ಮಣಲೇರನು ನಿಲ್ಲಿಸಿದುದು. ಕಲ್ಲಿಗೆ ಬಿಟ್ಟ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯು ಮಾಡಿದ ಪಾಪವು ಅವನಿಗೆ ತಟ್ಟುವುದೆಂದು ಅದರಲ್ಲಿ ಹೇಳಿದೆ. ಕಲ್ಲನ್ನು ನಿಲ್ಲಿಸುವುದರೊಡನೆ ಅದನ್ನು ನಿತ್ಯವೂ ನೋಡಿಕೊಳ್ಳತಕ್ಕವನನ್ನೂ ನಿಯಮಿಸಿ, ಅವನ ಅನ್ನವನ್ನು ಆ ಕೆಲಸಕ್ಕೆ ಗಂಟುಹಾಕಿರುವುದು ಗಮನಾರ್ಹ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ದಾನವು ದೊರೆತುದು ಕೆರೆಯನ್ನು ಕಟ್ಟಿಸಿದವನಿಗೆ. ಉಳಿ ಹಿಡಿದವನಿಗೆ ದೊರೆತುದೇನು? ಆಕ್ಷೇಪವು ನ್ಯಾಯವಾದುದು. ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಶಾಸನಗಳ ಒಕ್ಕಣೆಯಲ್ಲಿ ಗೌಡನೋ ದಂಡನಾಯಕನೋ ಕೆರೆಯನ್ನು ‘ಕಟ್ಟಿಸಿದ’, ಗುಡಿಯನ್ನು ‘ಮಾಡಿಸಿದ’ ಎಂದು ಪ್ರೇರಣಾರ್ಥಕ ಕ್ರಿಯೆಯೇ ಹೆಚ್ಚಾಗಿ ಬರುತ್ತದೆ. ‘ಕಟ್ಟಿದ’, ‘ಮಾಡಿದ’ ಎಂಬ ಸಹಜಕ್ರಿಯೆಯ ಕರ್ತೃವನ್ನು ಹುಡುಕಬೇಕಾದರೆ ಶಾಸನದ ಕೊನೆಯ ಸಾಲಿಗೆ ಹೋಗಬೇಕು. ಅಲ್ಲಿ ಒಮ್ಮೊಮ್ಮೆ ಕಲ್ಲನ್ನು ಕಂಡರಿಸಿದ ಓಜನ ಅಥವಾ ಆಚಾರಿಯ ಹೆಸರು ಸಿಕ್ಕುತ್ತದೆ. ದೊಡ್ಡ ದೇವಾಲಯಗಳಲ್ಲಿ ಹೆಸರು ಸ್ಪಷ್ಟವಾಗಿಯೇ ಇದೆ. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ಅನಿವಾರಿತಾಚಾರಿಯೆನಿಸಿದ ಗುಂಡನು ‘ತ್ರಿಭುವನಾಚಾರಿ’ ಎಂಬ ಬಿರುದನ್ನು ಪಡೆದನು. ಹನ್ನೆರಡನೆಯ ಶತಮಾನದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಕೆಳಗೆ ಹೆಸರನ್ನು ಬರೆದುಕೊಂಡರು. ಆದುದರಿಂದ ಹೆಸರನ್ನು ಬಯಸದ ಶಿಲ್ಪಿಯೆಂಬ ಮಾತು ಸಲ್ಲದು. ಹೆಸರನ್ನು ಬರೆಯುವ ಅವಕಾಶವು ದೇವಾಲಯದಲ್ಲಿ ಹೆಚ್ಚಾಗಿಯೂ ತೂಬಿನ ಕಂಬದಲ್ಲಿ ಕಡಮೆಯಾಗಿಯೂ ದೊರೆಯಿತೆಂದು ಹೇಳುವುದೇ ಯುಕ್ತ.

ನೀರಿನ ಕೆಲಸದಲ್ಲಿ ಕುಶಲಿಯ ಹೆಸರು ಮೊದಲ ಸಾಲಿಗೆ ಬಂದ ಉದಾಹರಣೆಯೂ ಇಲ್ಲದಿಲ್ಲ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ 1388ರ ಶಾಸನವೊಂದರಲ್ಲಿ, ಹೆನ್ನೆಯ ಹೊಳೆಯನ್ನು ಪೆನುಗೊಂಡೆಗೆ ತರಬೇಕೆಂದು ಪ್ರತಾಪ ಬುಕ್ಕರಾಯನು ಆಜ್ಞಾಪಿಸಿದುದನ್ನೂ, ಜಲಸೂತ್ರವನ್ನು ಬಲ್ಲ ಸಿಂಗಾಯಭಟ್ಟನು ಕಾಲುವೆಯನ್ನು ತೋಡಿಸಿದುದನ್ನೂ ಹೇಳಿದೆ. ಕಾಲುವೆಗೆ ರಾಯನ ಹೆಸರನ್ನಿಟ್ಟರೂ ವಿದ್ಯೆಯು ಯಾರದೆಂಬುದನ್ನು ಶಾಸನವು ಮರೆಯಲಿಲ್ಲ.

ಊರ ಕುಶಲಿಗಳ ಜೀವನಕ್ಕೆ ಆಯಗಾರಿಕೆಯ ಪದ್ಧತಿಯಿದ್ದಿತು. ಕಣದಲ್ಲಿ ಧಾನ್ಯದ ಪಾಲು, ಕೆಲವೆಡೆ ಇನಾಂ ಭೂಮಿ, ಇವು ಆಯಗಾರರಿಗೆ ಸಲ್ಲುತ್ತಿದ್ದುವು. ಬಡಗಿ, ಕಮ್ಮಾರ, ಕುಂಬಾರ, ಕೆರೆಯ ನೀರನ್ನು ಹಂಚುವ ನೀರುಗಂಟಿ ಮುಂತಾದವರು ಆ ಎಣಿಕೆಯಲ್ಲಿದ್ದಾರೆ. ಆದರೆ ಸಾಮಾನ್ಯವಾಗಿ ಹೇಳುವ ಹನ್ನೆರಡು ಆಯಗಾರರಲ್ಲಿ ಕಲ್ಲುಕುಟಿಗನಿಲ್ಲ. ಇದು ಸಣ್ಣ ಸಂಗತಿಯಲ್ಲ. ಬಡಗಿಯು ಗ್ರಾಮತಕ್ಷನಾಗಿ ಊರಿಗೆ ನೆಲೆಯಾದನು. ಕಲ್ಲುಕುಟಿಗನು ಕೆಲಸವಿದ್ದ ಊರಿಗೆ ಬಂದು, ಮುಗಿದ ಮೇಲೆ ಮುಂದಕ್ಕೆ ಹೋಗುವ ಕೌಟತಕ್ಷನಾಗಿಯೇ ಉಳಿದನು. ಊರು ತನ್ನ ನೇಗಿಲಿಗೆ ನಿತ್ಯದ ಕುಶಲಿಯನ್ನು ಇಟ್ಟುಕೊಂಡಿತು, ತನ್ನ ತೂಬಿಗೆ ಇಟ್ಟುಕೊಳ್ಳಲಿಲ್ಲ. ಊರಿಗೂ ಕಲ್ಗೆಲಸಕ್ಕೂ ನಂಟನ್ನು ಉಳಿಸಿದುದು ಬಿತ್ತುವಟ್ಟ ಕಟ್ಟುಕೊಡಗೆಗಳೆಂಬ ಈ ಕಿರುದಾನಗಳೇ. ಅವು ಇಲ್ಲದಿದ್ದರೆ ಕಟ್ಟಿದವನು ಹೋದ ದಿನವೇ ಕಲ್ಲು ಅನಾಥವಾಗುತ್ತಿದ್ದಿತು.

ಬೇತಮಂಗಲದ ಕೆರೆಯ ಇತಿಹಾಸದಲ್ಲಿ ಕಾಪಾಡುವಿಕೆಯ ಈ ಧರ್ಮವು ಚೆನ್ನಾಗಿ ವ್ಯಕ್ತವಾಗುತ್ತದೆ. ಪಾಲಾರಿನ ದಡದ ಈ ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಬಾಣರಾಜನಾದ ವಿಜಯಾದಿತ್ಯನಿಂದ ಬಂದುದು. ಒಡೆದ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ಇರಿವ ನೊಳಂಬನು ಸರಿಪಡಿಸಿದನು. 1155ರಲ್ಲಿ ಹೊಯ್ಸಳರ ದಂಡನಾಯಕನಾದ ಚೊಕ್ಕಿಮಯ್ಯನು ಮತ್ತೆ ಜೀರ್ಣೋದ್ಧಾರಮಾಡಿದನು. ಬಾಣರು ಹೋಗಿ ನೊಳಂಬರು ಬಂದರು. ನೊಳಂಬರು ಹೋಗಿ ಚೋಳರೂ ಹೊಯ್ಸಳರೂ ಬಂದರು. ರಾಜ್ಯಗಳು ಒಂದರಮೇಲೊಂದು ಅಳಿದರೂ ಏರಿಯು ಮತ್ತೆ ಮತ್ತೆ ಎದ್ದಿತು. ನೆರೆಯ ಆವನಿಯಲ್ಲಿ ನಾಲ್ವತ್ತು ವರ್ಷ ಸ್ಥಾನವನ್ನಾಳಿ 961ರಲ್ಲಿ ದಿವಂಗತನಾದ ತ್ರಿಭುವನಕರ್ತನೆಂಬ ಶೈವಯತಿಯು ಐವತ್ತು ದೇಗುಲಗಳೊಡನೆ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದುದನ್ನು ಶಾಸನವು ಒಂದೇ ಉಸಿರಿನಲ್ಲಿ ಹೇಳುತ್ತದೆ.

ಇದೇ ಬೇತಮಂಗಲದ ನೀರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕೊಳವೆಯ ಮೂಲಕ ಚಿನ್ನದ ಗಣಿಯ ಪ್ರದೇಶಕ್ಕೆ ಹರಿಯಿತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಯ ಕೆಲಸವನ್ನು ಕೈಕೊಂಡ ಬಳಿಕ ತಮಿಳು ತೆಲುಗು ಸೀಮೆಗಳಿಂದ ಸಾವಿರಾರು ಸಂಸಾರಗಳು ಬಂದು ನೆಲಸಿದುವು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಗಣಿಗಳಿಗೆ ಬಂದಿತು. ರಾಬರ್ಟ್‌ಸನ್‌ಪೇಟೆ ಆಂಡರ್ಸನ್‌ಪೇಟೆಗಳೆಂಬ ಹೊಸ ಪೇಟೆಗಳು ಬೆಳೆದುವು. ಆಂಡರ್ಸನ್‌ಪೇಟೆಯಂತಹ ಊರಿಗೂ ಹಳೆಯ ಮಂಗಲಕ್ಕೂ ಇರುವ ಮುಖ್ಯ ಭೇದವು ಭಾಷೆಯದಲ್ಲ, ನೆಲದ್ದು. ಅಲ್ಲಿಗೆ ಬಂದವರಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ. ಆದರೆ ಕೂಲಿಯಿಂದ ಜೀವಿಸುವ ಪೇಟೆಗೆ ದಾನಮಾಡಲು ಕೆರೆಯ ಕೆಳಗಣ ಗದ್ದೆಯಿರಲಿಲ್ಲ, ಕಣವಿರಲಿಲ್ಲ. ಬೀದಿಯ ನಲ್ಲಿಗಾಗಲಿ ಕೂರುವ ಕಟ್ಟೆಗಾಗಲಿ ಕಂಪೆನಿ, ಸರ್ಕಾರ, ಇವುಗಳ ಕಡೆಗೇ ನೋಡಬೇಕಾಯಿತು. 2001ರಲ್ಲಿ ಗಣಿಯು ಮುಚ್ಚಿತು. ಸುಮಾರು ನೂರಿಪ್ಪತ್ತು ವರ್ಷಗಳ ಆ ಮಹೋದ್ಯಮದ ಗುರುತಾಗಿ ಊರಂಚಿನಲ್ಲಿ ಸಯನೈಡ್ ಮಣ್ಣಿನ ದಿಬ್ಬಗಳು ಉಳಿದುವು.

ಹಾಗೆಂದು ಹಳೆಯ ಪದ್ಧತಿಯು ನಿರ್ದುಷ್ಟವಾಗಿದ್ದಿತೆಂದು ಭಾವಿಸಬಾರದು. ಆಯವೂ ಇನಾಮೂ ಮನುಷ್ಯನನ್ನು ಹುಟ್ಟಿನಿಂದಲೇ ಕೆಲಸಕ್ಕೆ ಕಟ್ಟುತ್ತಿದ್ದುವು. ತೋಟಿ ತಳವಾರರಿಗೆ ಈ ಕಟ್ಟು ಮಾನ್ಯವಾಗಿರಲಿಲ್ಲ, ಸಂಕೋಲೆಯಾಗಿದ್ದಿತು. 1961ರ ಗ್ರಾಮ ಹುದ್ದೆಗಳ ರದ್ದತಿಯ ಶಾಸನದಿಂದ ಆ ಹುದ್ದೆಗಳು ಹೋಗಿ, ಭೂಮಿಯನ್ನು ಸೇವೆಯ ಹೊಣೆಯಿಲ್ಲದೆ ಹಿಂದಿನ ಅನುಭೋಗಿಗಳಿಗೇ ಮರಳಿ ಕೊಡುವ ಏರ್ಪಾಡಾದುದು ನ್ಯಾಯವೇ ಸರಿ. ಆದರೆ ಬಿಡುಗಡೆಯಾದವನ ಕೈಯಿಂದ ಕಳಚಿದ ಹೊಣೆಯನ್ನು ಬೇರೆ ಯಾರೂ ಎತ್ತಿಕೊಳ್ಳದೆ ಹೋದುದರಿಂದ ಎಷ್ಟೋ ಕೆರೆಗಳ ತೂಬುಗಳು ಹೂಳಿನಲ್ಲಿ ಹೂತುಹೋದುವು. ಸಂಕೋಲೆಯನ್ನು ಕಡಿಯುವಾಗ ಹಗ್ಗವೂ ಕಡಿದುಹೋಯಿತು.

ಪೇಟೆಯ ಕೇರಿಗಳಲ್ಲಿ ಕೂರುವ ಪೀಠ, ನೆರಳಿನ ಚಪ್ಪರ, ನೀರಿನ ತಾಣ ಮುಂತಾದುವನ್ನು ಕಲಾವಿದರಿಂದ ಮಾಡಿಸಿ, ಅದಕ್ಕಾಗಿ ಅವರಿಗೆ ಅಲ್ಪಸ್ವಲ್ಪ ಧನಸಹಾಯವನ್ನು ಕೊಡುವ ಪದ್ಧತಿಯು ಈಚೆಗೆ ನಾನಾ ದೇಶಗಳ ನಗರಗಳಲ್ಲಿ ಹಬ್ಬಿದೆ. ಇದನ್ನು ಕೇವಲ ನೂತನವೆಂದು ಹೊಗಳುವವರಿಗೂ, ದುಂದುವೆಚ್ಚವೆಂದು ತೆಗಳುವವರಿಗೂ ಕೋಲಾರದ ತೂಬಿನ ಕಂಬವು ಉತ್ತರವನ್ನು ಹೇಳಬಲ್ಲುದು. ಕೊಡುವುದು ಸಣ್ಣದಾದರೆ ದೋಷವಿಲ್ಲ. ಕೊಳಗ ಸಲಗೆಗಳ ಲೆಕ್ಕದ ದಾನಗಳೇ ಈ ನಾಡಿನ ನೀರನ್ನು ಕಾದುವು. ಕೊಟ್ಟುದು ಕೃತಿಯ ಬಾಳಿಗೆ ಗಂಟುಬಿದ್ದಿರಬೇಕು. ನಿಲ್ಲಿಸತಕ್ಕವನಂತೆಯೇ ನೋಡಿಕೊಳ್ಳತಕ್ಕವನೂ ನಿಯಮಿತನಾಗಿರಬೇಕು. ಹಿಂದಿನವರು ಕೊನೆಯ ಸಾಲಿಗೆ ತಳ್ಳಿದ ಓಜನ ಹೆಸರು ಮೊದಲ ಸಾಲಿಗೆ ಬರಬೇಕು. ಹುಟ್ಟಿನ ಕಟ್ಟಿಲ್ಲದೆ, ಒಪ್ಪಿಗೆಯ ಕಟ್ಟಿನಿಂದ ಕೌಟತಕ್ಷನು ಗ್ರಾಮತಕ್ಷನಾಗುವುದಕ್ಕೆ ಇದೇ ದಾರಿ. ನೆಲವಿಲ್ಲದ ಆಂಡರ್ಸನ್‌ಪೇಟೆಗೆ ವಿಜಯಾದಿತ್ಯಮಂಗಲವು ಬಿಟ್ಟುಹೋದ ಬಿತ್ತುವಟ್ಟವು ಈ ಕಟ್ಟಳೆಯೇ.