ವಿಸ್ಕಿಯಲ್ಲಿ ಸಿಹಿಗೇನು ಕೆಲಸ?

ವಿಸ್ಕಿಗೆ ನೀರು, ಸೋಡಾ ಬಿಟ್ಟರೆ ಬೇರೇನನ್ನೂ ಬೆರೆಸಬಾರದು ಎನ್ನುವ ಮಡಿವಂತರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರ ಪಾಲಿಗೆ ವಿಸ್ಕಿ ಲಿಕ್ಯೂರ್ ಎಂದರೆ ಕೆಟ್ಟುಹೋದ ವಿಸ್ಕಿ. ಆದರೆ ಬಿಸಿ ಕಾಫಿಗೂ ಊಟದ ಕೊನೆಯ ಸಿಹಿತಿನಿಸಿಗೂ ವಿಸ್ಕಿ ಒಗ್ಗಿಕೊಂಡದ್ದರಲ್ಲಿ ಈ ಲಿಕ್ಯೂರಿನ ಪಾಲು ದೊಡ್ಡದು. ಐರೋಪ್ಯ ಒಕ್ಕೂಟದ ನಿಯಮದಂತೆ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಲಿಕ್ಯೂರ್ ಎನಿಸಿಕೊಳ್ಳಲು ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆಯೂ ಶೇ 15ರಷ್ಟು ಆಲ್ಕೋಹಾಲೂ ಇರಬೇಕು. ಈ ಸಕ್ಕರೆ ಮಾಡುವ ಕೆಲಸ ಕಾಲಕಾಲಕ್ಕೆ ಬದಲಾಗಿದೆ. ಮೊದಲು ಅದು ವಿಸ್ಕಿಯ ಒರಟುತನವನ್ನು ಮುಚ್ಚಿತು, ಆಮೇಲೆ ಕೆನೆಯನ್ನು ಹೊತ್ತಿತು, ಈಗ ಹುಳಿ–ಕಹಿಗಳ ಜೊತೆ ತೂಗಿಕೊಂಡು ನಿಲ್ಲಬೇಕಾಗಿದೆ.

ಜೇನಿನ ಕಾಲ

ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸುವ ಪದ್ಧತಿ ನೆಲೆಯೂರುವ ಮುನ್ನ ಸ್ಕಾಟ್ಲೆಂಡಿನ ವಿಸ್ಕಿ ಗಂಟಲು ಸುಡುವ ಹಸಿ ಮದ್ಯವಾಗಿತ್ತು. ಅದನ್ನು ಕುಡಿಯುವಂತೆ ಮಾಡಲು ಜೇನು, ಗಿಡಮೂಲಿಕೆ, ಮಸಾಲೆ ಸೇರಿಸುತ್ತಿದ್ದರು. ಓಟ್ಸ್ ನೆನೆಸಿ ಸೋಸಿದ ನೀರಿಗೆ ಜೇನು, ವಿಸ್ಕಿ, ಕೆಲವೊಮ್ಮೆ ಕೆನೆ ಬೆರೆಸುವ ‘ಅಥಾಲ್ ಬ್ರೋಸ್’ ಆ ಪರಂಪರೆಯದು. 1475ರಲ್ಲಿ ಅಥಾಲಿನ ಅರ್ಲ್ ಬಂಡಾಯಗಾರನೊಬ್ಬ ನೀರು ಕುಡಿಯುತ್ತಿದ್ದ ಬಾವಿಗೆ ಇದನ್ನು ಸುರಿಸಿ, ಅವನು ಮತ್ತಿನಲ್ಲಿದ್ದಾಗ ಸೆರೆಹಿಡಿದ ಎಂಬ ಐತಿಹ್ಯವಿದೆ. ಹೆಚ್ಚುಕಡಿಮೆ ಅದೇ ಸಾಮಗ್ರಿ ಬಟ್ಟಲಿಗಿಳಿದು ‘ಕ್ರನಾಕನ್’ ಎಂಬ ಸಿಹಿತಿನಿಸಾಯಿತು: ಹುರಿದ ಓಟ್ಸ್, ಕಡೆದ ಕೆನೆ, ಜೇನು, ವಿಸ್ಕಿ, ರಾಸ್ಪ್‌ಬೆರಿ. ಪಾನೀಯಕ್ಕೂ ತಿನಿಸಿಗೂ ನಡುವಿನ ಗೆರೆ ಇಲ್ಲಿ ಮೊದಲಿನಿಂದಲೂ ತೆಳು.

ವಿಸ್ಕಿ–ಜೇನಿನ ಈ ಬೆರಕೆ ಬಾಟಲಿಗೆ ಬಂದದ್ದು ಡ್ರಾಂಬುಯಿ ಹೆಸರಿನಲ್ಲಿ. 1746ರ ಕಲೋಡನ್ ಕದನದಲ್ಲಿ ಸೋತು ಸ್ಕೈ ದ್ವೀಪಕ್ಕೆ ಓಡಿಬಂದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್, ತನಗೆ ಆಶ್ರಯ ಕೊಟ್ಟ ಮಕಿನನ್ ಮನೆತನದವರಿಗೆ ಈ ಪಾಕವನ್ನು ಹೇಳಿಕೊಟ್ಟನೆಂದು ಕಂಪನಿ ಹೇಳಿಕೊಂಡು ಬಂದಿದೆ. ಅದು ದಂತಕಥೆ. ದಾಖಲೆಯ ಚರಿತ್ರೆ ಶುರುವಾಗುವುದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಅದೇ ದ್ವೀಪದ ಬ್ರಾಡ್‌ಫರ್ಡ್ ಊರಿನ ಹೋಟೆಲಿನಲ್ಲಿ. ಹೆಸರು 1893ರಲ್ಲಿ ನೋಂದಣಿಯಾಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಮಾಲ್ಕಮ್ ಮಕಿನನ್ ಎಡಿನ್‌ಬರೋದಲ್ಲಿ ಅದನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿದರು. 1916ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನ ಮದ್ಯದ ಉಗ್ರಾಣಕ್ಕೆ ಪ್ರವೇಶ ಪಡೆದ ಮೊದಲ ಲಿಕ್ಯೂರ್ ಇದೇ. ಆಗ ಇದು ಊಟ ಮುಗಿದ ಮೇಲೆ ಸಣ್ಣ ಗ್ಲಾಸಿನಲ್ಲಿ ಗುಟುಕರಿಸುವ ಪೇಯ, ಅಷ್ಟೇ.

ಬಾರ್ ಕೌಂಟರಿಗೆ

ಕಾಕ್‌ಟೇಲಿಗೆ ಬರಲು ಡ್ರಾಂಬುಯಿಗೆ ಹೊತ್ತು ಹಿಡಿಯಿತು. ಹ್ಯಾರಿ ಕ್ರಾಡಕ್‌ನ 1930ರ ‘ಸವಾಯ್ ಕಾಕ್‌ಟೇಲ್ ಬುಕ್’ನಲ್ಲಿ, ಸ್ಕಾಟ್ಲೆಂಡಿನ ಕವಿಯ ಹೆಸರು ಹೊತ್ತ ‘ಬಾಬಿ ಬರ್ನ್ಸ್’ಗೆ ಸ್ಕಾಚ್ ಮತ್ತು ಸಿಹಿ ವರ್ಮೂತಿನ ಜೊತೆ ಬೀಳುವುದು ಫ್ರಾನ್ಸಿನ ಬೆನೆಡಿಕ್ಟೀನ್ ಲಿಕ್ಯೂರ್. 1948ರಲ್ಲಿ ಕಾಕ್‌ಟೇಲ್ ಲೇಖಕ ಡೇವಿಡ್ ಎಂಬರಿ ಆ ಜಾಗಕ್ಕೆ ಡ್ರಾಂಬುಯಿಯೇ ವಾಸಿ ಎಂದರು. ಸ್ಕಾಚ್‌ನಿಂದಲೇ ಮಾಡಿದ ಲಿಕ್ಯೂರ್ ಸ್ಕಾಚ್‌ಗೆ ಒಗ್ಗುತ್ತದೆ ಎಂಬುದು ಅವರ ತರ್ಕ.

ಆ ತರ್ಕದ ನೇರ ರೂಪ ‘ರಸ್ಟಿ ನೇಲ್’: ಸ್ಕಾಚ್, ಡ್ರಾಂಬುಯಿ, ಮಂಜುಗಡ್ಡೆ, ಮುಗಿಯಿತು. 1937ರ ಹೊತ್ತಿಗೇ ಈ ಜೋಡಿ ಬೇರೆ ಹೆಸರಿನಲ್ಲಿ ಕಾಣಿಸಿಕೊಂಡಿದ್ದರೂ ಈಗಿನ ಹೆಸರು ಗಟ್ಟಿಯಾದದ್ದು 1960ರ ದಶಕದ ನ್ಯೂಯಾರ್ಕಿನಲ್ಲಿ. ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಅಳತೆ 45 ಮಿ.ಲೀ. ಸ್ಕಾಚ್‌ಗೆ 25 ಮಿ.ಲೀ. ಡ್ರಾಂಬುಯಿ. ಒಂದಕ್ಕೊಂದು ಸಮ ಹಾಕಿದರೆ ಜೇನು ಮೆತ್ತಿಕೊಂಡು ವಿಸ್ಕಿಯ ಹೊಗೆಯ ವಾಸನೆ ಸತ್ತೇಹೋಗುತ್ತದೆ. ಲಿಕ್ಯೂರನ್ನು ಕಾಲುಭಾಗಕ್ಕೆ ಇಳಿಸಿ, ನಿಂಬೆಸಿಪ್ಪೆ ಹಿಂಡಿ ಅದರ ಎಣ್ಣೆ ತಾಗಿಸಿದರೆ ಎರಡೂ ಬದುಕುತ್ತವೆ.

ಕಾಫಿಯ ಮೇಲೆ ಕೆನೆ

ಬಿಸಿ ಪಾನೀಯದ ಕಥೆ ಐರ್ಲೆಂಡಿನದು. 1940ರ ದಶಕದ ಮೊದಲಲ್ಲಿ, ಸಮುದ್ರ ವಿಮಾನಗಳು ಇಳಿಯುತ್ತಿದ್ದ ಫಾಯ್ನ್ಸ್ ನಿಲ್ದಾಣದ ಅಡುಗೆಯ ಮುಖ್ಯಸ್ಥ ಜೋ ಶೆರಿಡನ್, ಚಳಿಯಲ್ಲಿ ಬಂದ ಪ್ರಯಾಣಿಕರಿಗೆ ಕಾಫಿಗೆ ವಿಸ್ಕಿ, ಸಕ್ಕರೆ ಬೆರೆಸಿ ಮೇಲೆ ಕೆನೆ ತೇಲಿಸಿ ಕೊಟ್ಟರು. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ಯುಯೆನಾ ವಿಸ್ಟಾ ಕೆಫೆಯ ಮಾಲೀಕ ಜ್ಯಾಕ್ ಕೆಪ್ಲರ್ ಮತ್ತು ಅಂಕಣಕಾರ ಸ್ಟಾಂಟನ್ ಡೆಲಪ್ಲೇನ್ ಅದನ್ನು ತಮ್ಮಲ್ಲೂ ಮಾಡಹೊರಟಾಗ ಕೆನೆ ಮತ್ತೆಮತ್ತೆ ಮುಳುಗಿತು. ಕೆನೆಯನ್ನು 48 ಗಂಟೆ ಇಟ್ಟು, ಹದವಾಗಿ ನೊರೆಗಟ್ಟಿಸಿದ ಮೇಲಷ್ಟೇ ಅದು ತೇಲಿತು.

ಕೆನೆ ತೇಲುವುದಕ್ಕೆ ಇನ್ನೊಂದು ಕಾರಣ ಲೋಟದ ತಳದಲ್ಲಿದೆ. ಸಕ್ಕರೆ ಕರಗಿದ ಕಾಫಿಯ ಸಾಂದ್ರತೆ ಹೆಚ್ಚು, ಕೊಬ್ಬು ತುಂಬಿದ ಕೆನೆ ಅದಕ್ಕಿಂತ ಹಗುರ. ಡಯಟ್ ಎಂದು ಸಕ್ಕರೆ ಬಿಟ್ಟವರ ಲೋಟದಲ್ಲಿ ಕೆನೆ ಸುಲಭವಾಗಿ ಕಲಸಿಹೋಗುತ್ತದೆ. ಲಿಕ್ಯೂರ್ ಈ ಕಾಫಿಗೆ ಹೊಂದುವುದೂ ಇಲ್ಲಿಯೇ. 1947ರಲ್ಲಿ ಟಲಮೋರ್‌ನಿಂದ ಬಂದ ಐರಿಷ್ ಮಿಸ್ಟನ್ನೋ ಡ್ರಾಂಬುಯಿಯನ್ನೋ ಹಾಕಿದರೆ ವಿಸ್ಕಿ, ಜೇನು, ಸಕ್ಕರೆ ಮೂರೂ ಒಟ್ಟಿಗೇ ಬೀಳುತ್ತವೆ. ಬಿಸಿನೀರಿನಲ್ಲಿ ತೊಳೆದ ಗ್ಲಾಸಿಗೆ 40 ಮಿ.ಲೀ. ಲಿಕ್ಯೂರ್, 120 ಮಿ.ಲೀ. ಗಟ್ಟಿ ಕಾಫಿ ಸುರಿದು, ಅರೆಬರೆ ಕಡೆದ ತಣ್ಣನೆ ಕೆನೆಯನ್ನು ಚಮಚದ ಬೆನ್ನ ಮೇಲಿಂದ ಇಳಿಬಿಟ್ಟರೆ ಸಾಕು. ಕಲಕಬಾರದು. ತಣ್ಣನೆ ಕೆನೆಯ ಮೂಲಕ ಬಿಸಿ ಕಾಫಿ ಹೀರುವುದೇ ಇದರ ಸುಖ.

ಬೈಲೀಸ್ ತಂದ ತಿರುವು

ಕೆನೆಯನ್ನೇ ಬಾಟಲಿಯೊಳಗೆ ಸೇರಿಸಿದರೆ ಹೇಗೆ? 1973ರಲ್ಲಿ ಲಂಡನ್ನಿನ ಸೋಹೊದಲ್ಲಿ ಡೇವಿಡ್ ಗ್ಲಕ್‌ಮನ್ ಮತ್ತು ಹ್ಯೂ ಸೀಮೋರ್-ಡೇವೀಸ್, ಐರ್ಲೆಂಡಿನ ಗಿಲ್‌ಬೀಸ್ ಕಂಪನಿಗಾಗಿ ಹೊಸ ಪೇಯ ಯೋಚಿಸುತ್ತ ಅಂಗಡಿಯಿಂದ ಕೆನೆ ತಂದು ಜೇಮ್ಸನ್ ವಿಸ್ಕಿಗೆ ಬೆರೆಸಿದರು. ರುಚಿ ಹಿಡಿಸಲಿಲ್ಲ. ಸಕ್ಕರೆಯನ್ನೂ ಕ್ಯಾಡ್‌ಬರಿಯ ಚಾಕೊಲೇಟ್ ಪುಡಿಯನ್ನೂ ಹಾಕಿದಾಗ ಹಿಡಿಸಿತು. ಐಡಿಯಾ ಹುಟ್ಟಿ ಗ್ಲಾಸಿಗೆ ಬರಲು ಹಿಡಿದದ್ದು 45 ನಿಮಿಷ ಎಂದು ಗ್ಲಕ್‌ಮನ್ ಬರೆದಿದ್ದಾರೆ. ಆದರೆ ಮದ್ಯ ಸೇರಿದ ಕೆನೆ ಒಡೆಯದೆ, ತಿಂಗಳುಗಟ್ಟಲೆ ಕಪಾಟಿನಲ್ಲಿ ನಿಲ್ಲುವಂತೆ ಮಾಡಲು ತಂತ್ರಜ್ಞರಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಯಿತು. ಕೊಬ್ಬಿನ ಹನಿಗಳನ್ನು ಒತ್ತಡದಲ್ಲಿ ನುಣ್ಣಗೆ ಒಡೆದು, ಹಾಲಿನ ಪ್ರೋಟೀನಿನ ಪೊರೆಯಲ್ಲಿ ಹಿಡಿದಿಡುವುದು ಇದರ ಗುಟ್ಟು. ಬೈಲೀಸ್ 1974ರ ಕೊನೆಗೆ ಮಾರುಕಟ್ಟೆಗೆ ಬಂತು. ಆಲ್ಕೋಹಾಲ್ ಶೇ 17.

ಡ್ರಾಂಬುಯಿಗೂ ಇದಕ್ಕೂ ಗುಣ ಬೇರೆ. ನಿಂಬೆರಸ ಬಿದ್ದರೆ ಡ್ರಾಂಬುಯಿ ಚುರುಕಾಗುತ್ತದೆ, ಬೈಲೀಸ್ ಹಾಲಿನಂತೆ ಒಡೆದು ಗಡ್ಡೆಗಟ್ಟುತ್ತದೆ. ಹಾಗಾಗಿ ಕೆನೆ ಲಿಕ್ಯೂರಿನ ಕಾಕ್‌ಟೇಲುಗಳು ಕಾಫಿ, ಚಾಕೊಲೇಟ್, ವೋಡ್ಕಾಗಳ ಸುತ್ತಲೇ ಬೆಳೆದವು. ಕೆನಡಾದ ಬ್ಯಾನ್ಫ್‌ನಲ್ಲಿ 1977ರಲ್ಲಿ ಹುಟ್ಟಿತೆನ್ನುವ ‘ಬಿ-52’ ಪೂರ್ತಿ ಸಾಂದ್ರತೆಯ ಆಟ: ಕೆಳಗೆ ಕಾಫಿ ಲಿಕ್ಯೂರ್, ನಡುವೆ ಬೈಲೀಸ್, ಮೇಲೆ ಕಿತ್ತಳೆ ಲಿಕ್ಯೂರ್ ಗ್ರಾನ್ ಮಾರ್ನಿಯೆ, ತಲಾ 20 ಮಿ.ಲೀ.

ಆಮೇಲಿನದು ಬಹುಪಾಲು ಮಾರಾಟದ ಚರಿತ್ರೆ. ದಾಲ್ಚಿನ್ನಿಯ ಫೈರ್‌ಬಾಲ್ 2007ರಲ್ಲಿ ಈಗಿನ ಹೆಸರು ಪಡೆಯಿತು, 2011ರಲ್ಲಿ ಜ್ಯಾಕ್ ಡೇನಿಯಲ್ಸ್ ಜೇನಿನ ಬಗೆಯನ್ನು ತಂದಿತು. ಹೊಸ ಕುಡುಕರನ್ನು ಕರೆತಂದ ಇವು ಹೊಸ ರುಚಿಯನ್ನೇನೂ ಕಟ್ಟಲಿಲ್ಲ. ಹೊಸ ದಾರಿ ತೋರಿದ್ದು 2005ರಲ್ಲಿ ನ್ಯೂಯಾರ್ಕಿನ ‘ಮಿಲ್ಕ್ ಆ್ಯಂಡ್ ಹನಿ’ ಬಾರಿನಲ್ಲಿ ಸ್ಯಾಮ್ ರಾಸ್ ರೂಪಿಸಿದ ‘ಪೆನಿಸಿಲಿನ್’. ಸ್ಕಾಚ್, ನಿಂಬೆ, ಜೇನು, ಶುಂಠಿ, ಮೇಲೆ ತುಸು ಹೊಗೆವಾಸನೆಯ ಐಲಾ ದ್ವೀಪದ ವಿಸ್ಕಿ. ಲಿಕ್ಯೂರನ್ನು ಬಿಚ್ಚಿ, ಅದರೊಳಗಿನ ಜೇನು, ಮಸಾಲೆಗಳನ್ನು ಬೇರೆಬೇರೆಯಾಗಿ ಅಳೆದುಕೊಂಡ ಹಾಗಿದೆ ಇದು. ಹುಳಿಯಿದ್ದರೆ ಸಿಹಿ ಹದವಾಗಿ ನಿಲ್ಲುತ್ತದೆಂದು ಇದು ಸಾಧಿಸಿ ತೋರಿಸಿತು.

ಸಿಹಿತಿನಿಸಿನಲ್ಲಿ

ಅಡುಗೆಮನೆಯಲ್ಲಿ ಮೂರು ಸಂಗತಿ ನೆನಪಿರಬೇಕು. ಒಂದು, ಬೆಂಕಿ ಹಚ್ಚಿ ಬಡಿಸುವ ತಿನಿಸಿಗೆ ಶೇ 40ರ ಡ್ರಾಂಬುಯಿ ಆಗುತ್ತದೆ, ಶೇ 17ರ ಕೆನೆ ಲಿಕ್ಯೂರ್ ಹೊತ್ತಿಕೊಳ್ಳುವುದಿಲ್ಲ. ಎರಡು, ಆಲ್ಕೋಹಾಲ್ ಐಸ್‌ಕ್ರೀಮ್ ಹೆಪ್ಪುಗಟ್ಟದಂತೆ ತಡೆಯುತ್ತದೆ. ಕೈ ಜಾರಿ ಹೆಚ್ಚು ಸುರಿದರೆ ಬೆಳಿಗ್ಗೆಯೂ ಅದು ಗಂಜಿಯೇ. ಮೂರು, ಬೇಯಿಸಿದರೆ ಮದ್ಯವೆಲ್ಲ ಆವಿಯಾಗುತ್ತದೆ ಎಂಬ ನಂಬಿಕೆ ಸುಳ್ಳು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಬೆಂಕಿ ಹಚ್ಚಿದ ಮೇಲೂ ಸುಮಾರು ಶೇ 75ರಷ್ಟು, ಅರ್ಧ ಗಂಟೆ ಕುದಿಸಿದ ಮೇಲೂ ಶೇ 35ರಷ್ಟು ಉಳಿಯುತ್ತದೆ. ಮಕ್ಕಳಿಗೂ ಮದ್ಯ ಮುಟ್ಟದವರಿಗೂ ಇಂಥ ಸಿಹಿತಿನಿಸನ್ನು ತಿಳಿಸದೆ ಬಡಿಸುವುದು ತಪ್ಪು.

ನಮ್ಮಲ್ಲಿ ಲಿಕ್ಯೂರ್ ಇನ್ನೂ ಬಹುಮಟ್ಟಿಗೆ ಆಮದಿನ ಸರಕು. ಆದರೆ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲೇ ಬಿಡುಗಡೆಯಾಗಿ ಹೆಸರು ಮಾಡಿದೆ, ಕೊಡಗಿನಲ್ಲಿ ಜೇನಿದೆ, ಮಲೆನಾಡಿನಲ್ಲಿ ಏಲಕ್ಕಿ ಇದೆ. ಚಿಕೋರಿ ಬೆರೆತ ನಮ್ಮ ಫಿಲ್ಟರ್ ಡಿಕಾಕ್ಷನ್ನಿನ ಕಹಿ ಈ ಸಿಹಿಯನ್ನು ಹಿಡಿತದಲ್ಲಿಡುತ್ತದೆ. ಪ್ರಯೋಗ ಮಾಡುವವರು ಕೆನೆ ಲಿಕ್ಯೂರನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಲಿ, ಸಕ್ಕರೆಯ ಡಬ್ಬಿಯನ್ನು ಮುಟ್ಟದಿರಲಿ, 30 ಮಿ.ಲೀ.ಗೆ ನಿಲ್ಲಿಸಲಿ. ಲಿಕ್ಯೂರ್ ಸಿಹಿಯ ಹಿಂದೆ ಮದ್ಯವನ್ನು ಮರೆಮಾಡುತ್ತದೆ, ಕಡಿಮೆ ಮಾಡುವುದಿಲ್ಲ.