ಪೊರೆ ತೆಗೆದ ಮೇಲೆ ಮಧುಮೇಹಿಗಳ ಅಕ್ಷಿಪಟಲ: ಆರನೇ ವಾರದ ಬಗ್ಗೆ ಒಂದು ಟಿಪ್ಪಣಿ

ಪೊರೆ ಆಪರೇಷನ್ ಮಾಡಿಸಿಕೊಂಡ ಮಧುಮೇಹಿಗಳಲ್ಲಿ ಕೆಲವರಿಗೆ ಮೊದಲ ವಾರ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ತಿಂಗಳು ದಾಟುವ ಹೊತ್ತಿಗೆ ಪತ್ರಿಕೆಯ ಸಾಲುಗಳು ಮತ್ತೆ ಮಸುಕಾಗುತ್ತವೆ. ಲೆನ್ಸ್ ಸರಿ ಕೂತಿಲ್ಲ ಎಂದೋ ಶುಗರ್ ಏರಿದೆ ಎಂದೋ ಮನೆಯವರು ಅಂದುಕೊಳ್ಳುತ್ತಾರೆ. ಆದರೆ ತೊಂದರೆ ಲೆನ್ಸಿನ ಹಿಂದೆ, ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಬಂದ ಊತವೂ ಆಗಿರಬಹುದು. ಅದು ಶಸ್ತ್ರಚಿಕಿತ್ಸೆಯ ಊತವೋ ಮಧುಮೇಹದ ಊತವೋ ಎಂದು ವಿಂಗಡಿಸದೆ ಚಿಕಿತ್ಸೆಗೆ ಇಳಿಯಬಾರದು ಎಂಬುದು ನನ್ನ ವಾದ.

ಶಸ್ತ್ರಚಿಕಿತ್ಸೆಯ ಊತ ಮಧುಮೇಹವಿಲ್ಲದವರಿಗೂ ಬರುತ್ತದೆ. ಪೊರೆ ತೆಗೆದ ಮೇಲೆ ದೃಷ್ಟಿ ಕುಗ್ಗುವ ಈ ಸ್ಥಿತಿಯನ್ನು 1953ರಲ್ಲಿ ಅಮೆರಿಕದ ಅರ್ವಿನ್ ವಿವರಿಸಿದರು. 1966ರಲ್ಲಿ ಗ್ಯಾಸ್ ಮತ್ತು ನಾರ್ಟನ್, ಫ್ಲೋರೆಸಿನ್ ಬಣ್ಣ ಕೊಟ್ಟು ತೆಗೆದ ಚಿತ್ರಗಳಲ್ಲಿ ಆ ನೀರು ಹೂವಿನ ಎಸಳುಗಳಂತೆ ನಿಲ್ಲುವುದನ್ನು ತೋರಿಸಿದರು. ಕಣ್ಣಿನ ಮುಂಭಾಗಕ್ಕೆ ಆದ ಪೆಟ್ಟಿಗೆ ಪ್ರೋಸ್ಟಗ್ಲಾಂಡಿನ್ ಮೊದಲಾದ ಉರಿಯೂತದ ರಾಸಾಯನಿಕಗಳು ಹುಟ್ಟಿ, ಹಿಂದಕ್ಕೆ ಹರಡಿ, ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಸೋರಿಸುತ್ತವೆ. ಮಧುಮೇಹದಲ್ಲಿ ಆ ನಾಳಗಳ ಗೋಡೆ ಮೊದಲೇ ದುರ್ಬಲ.

ಎಷ್ಟು ಮಂದಿಗೆ? 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 81,984 ಕಣ್ಣುಗಳ ದಾಖಲೆ ನೋಡಿತು. ಮಧುಮೇಹವಾಗಲಿ ಬೇರೆ ಅಪಾಯಕಾರಿ ಅಂಶವಾಗಲಿ ಇಲ್ಲದ ಕಣ್ಣುಗಳಲ್ಲಿ ಊತ ಬಂದದ್ದು ಶೇ. 1.17, ಮಧುಮೇಹಿಗಳಲ್ಲಿ ಶೇ. 4.04. ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿ, ಅಂದರೆ ರೆಟಿನೋಪತಿ, ಇದ್ದವರಿಗೆ ಅಪಾಯ ಆರು ಪಟ್ಟಿಗೂ ಮೇಲೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಅಂಕಿ: ರೆಟಿನೋಪತಿಯೇ ಇಲ್ಲದ ಮಧುಮೇಹಿಗೂ ಅಪಾಯ 1.8 ಪಟ್ಟು. ‘ನಿಮ್ಮ ನರಕ್ಕೇನೂ ಆಗಿಲ್ಲ’ ಎಂದು ಹೇಳಿಸಿಕೊಂಡವರೂ ಲೆಕ್ಕದಿಂದ ಹೊರಗಿಲ್ಲ.

ವಿಂಗಡಣೆಗೆ, ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಒಂದೇ ಸಾಲದು. ಎರಡೂ ಊತಗಳಲ್ಲಿ ಮ್ಯಾಕ್ಯುಲಾದ ಸಹಜ ತಗ್ಗು ಮುಚ್ಚಿಹೋಗಿ, ಪದರಗಳ ನಡುವೆ ಕಪ್ಪು ಗುಳ್ಳೆಗಳು ಕಾಣುತ್ತವೆ. ಸುತ್ತಮುತ್ತ ಹಳದಿ ಕೊಬ್ಬಿನ ಕಲೆಗಳು, ನಾಳಗಳ ಮೇಲೆ ಸಣ್ಣ ಉಬ್ಬುಗಳು ಇದ್ದರೆ ಮಧುಮೇಹದತ್ತ ಅನುಮಾನ ವಾಲಬೇಕು. ಅವಿಲ್ಲದೆ, ಫ್ಲೋರೆಸಿನ್ ಬಣ್ಣದ ಚಿತ್ರದಲ್ಲಿ ದೃಷ್ಟಿನರದ ತುದಿಯೂ ಸೋರುತ್ತಿದ್ದರೆ ಶಸ್ತ್ರಚಿಕಿತ್ಸೆಯತ್ತ. ಆಪರೇಷನ್ ಆಗದ ಇನ್ನೊಂದು ಕಣ್ಣಿನ ಜೊತೆ ಹೋಲಿಸಿ ನೋಡುವುದಂತೂ ಖರ್ಚಿಲ್ಲದ ಸಾಕ್ಷ್ಯ. ಎರಡೂ ಒಂದೇ ಕಣ್ಣಿನಲ್ಲಿ ಬೆರೆತಿರುವುದೂ ಉಂಟು. ಈ ವಿಂಗಡಣೆ ಏಕೆ ಬೇಕೆಂಬುದಕ್ಕೆ ಡೌಲರ್ ಮತ್ತು ಸಂಗಡಿಗರ 1999ರ ಅಧ್ಯಯನದಲ್ಲಿ ಉತ್ತರವಿದೆ: ಆಪರೇಷನ್ ಹೊತ್ತಿಗೇ ಇದ್ದ ಊತ ತಾನಾಗಿ ಇಳಿಯುವುದು ಅಪರೂಪ, ಆಮೇಲೆ ಬಂದದ್ದು ಬಹಳಷ್ಟು ಸಲ ತಾನೇ ಇಳಿಯುತ್ತದೆ. ಮೊದಲನೆಯದನ್ನು ಕಾಯುತ್ತ ಕೂತರೆ ಕಣ್ಣಿಗೆ ನಷ್ಟ, ಎರಡನೆಯದಕ್ಕೆ ಅವಸರದಲ್ಲಿ ದುಬಾರಿ ಇಂಜೆಕ್ಷನ್ ಕೊಟ್ಟರೆ ರೋಗಿಯ ಜೇಬಿಗೆ ನಷ್ಟ.

ಆಪರೇಷನ್‌ನಿಂದ ರೆಟಿನೋಪತಿಯೇ ಬಿರುಸಾಗುತ್ತದೆಂಬ ಹಳೆಯ ಭಯ ಇನ್ನೂ ಹೋಗಿಲ್ಲ. ಒಂದು ಕಣ್ಣಿಗೆ ಮಾತ್ರ ಫೇಕೋ ವಿಧಾನದ ಪೊರೆ ಆಪರೇಷನ್ ಮಾಡಿ ಇನ್ನೊಂದರೊಡನೆ ಹೋಲಿಸಿದ 2002ರ ಅಧ್ಯಯನದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪೊರೆ ದಟ್ಟವಾದಷ್ಟೂ ಅಕ್ಷಿಪಟಲವನ್ನು ಪರೀಕ್ಷಿಸುವುದೂ ಲೇಸರ್ ಕೊಡುವುದೂ ಕಷ್ಟವಾಗುವುದರಿಂದ, ಭಯಪಟ್ಟು ಮುಂದೂಡುವುದೇ ಹೆಚ್ಚು ಅಪಾಯ.

ನಮ್ಮಲ್ಲಿ ರೂಢಿಯಾಗಿರುವ ‘ಶುಗರ್ ಇಳಿಸಿಕೊಂಡು ಬನ್ನಿ, ಆಪರೇಷನ್ ಮಾಡೋಣ’ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ವರ್ಷಗಟ್ಟಲೆ ಏರಿಯೇ ಇದ್ದ ಶುಗರನ್ನು ಆಪರೇಷನ್ ಸಲುವಾಗಿ ಗಡಿಬಿಡಿಯಲ್ಲಿ ಇಳಿಸಿದರೆ, ಮಧ್ಯಮದಿಂದ ತೀವ್ರ ಹಂತದ ರೆಟಿನೋಪತಿ ಇರುವ ಕಣ್ಣುಗಳು ಹದಗೆಡಬಹುದೆಂದು ಜಪಾನಿನ ಸುತೋ ಮತ್ತು ಸಂಗಡಿಗರು 2006ರಲ್ಲೇ ಎಚ್ಚರಿಸಿದ್ದಾರೆ. ಅಂಥವರಿಗೆ ಶುಗರ್ ಮೆಲ್ಲನೆ ಇಳಿಯಬೇಕು.

ತಡೆಯುವ ದಾರಿಯ ಬಗ್ಗೆ ಯುರೋಪಿನ ‘ಪ್ರೀಮೆಡ್’ ಅಧ್ಯಯನ 2018ರಲ್ಲಿ ವರದಿ ಮಾಡಿತು. ಮಧುಮೇಹಿಗಳಲ್ಲಿ ಕಣ್ಣಿನ ಬಿಳಿಭಾಗವನ್ನು ಮುಚ್ಚುವ ತೆಳುಪದರದ ಕೆಳಗೆ ಕೊಟ್ಟ ಟ್ರಯಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಊತವನ್ನು ತಗ್ಗಿಸಿತು. ಬೆವಾಸಿಜುಮ್ಯಾಬ್ ಇಂಜೆಕ್ಷನ್ ಗಣನೀಯ ಲಾಭ ತೋರಲಿಲ್ಲ. ಆದರೆ ಟ್ರಯಮ್ಸಿನೊಲೋನ್ ಕೆಲವರ ಕಣ್ಣಿನ ಒತ್ತಡ ಏರಿಸುತ್ತದೆ. ಆದ್ದರಿಂದ ಎಲ್ಲ ಮಧುಮೇಹಿಗಳಿಗೂ ಇದನ್ನೇ ಕೊಡಿ ಎನ್ನಲು ನಾನು ಸಿದ್ಧನಿಲ್ಲ.

ಉಳಿದದ್ದು ತಪಾಸಣೆಯ ದಿನದ ಪ್ರಶ್ನೆ. ಊತ ಸಾಮಾನ್ಯವಾಗಿ ತಲೆಯೆತ್ತುವುದು ನಾಲ್ಕರಿಂದ ಆರನೇ ವಾರದ ಸುಮಾರಿಗೆ. ಹಳ್ಳಿಯ ಶಿಬಿರದಿಂದ ಬಂದ ರೋಗಿ ಆ ಹೊತ್ತಿಗೆ ಹನಿಗಳನ್ನು ಮುಗಿಸಿ ಹೊಲಕ್ಕೆ ಮರಳಿರುತ್ತಾರೆ. ಆದ್ದರಿಂದ ಮಧುಮೇಹಿಯ ಡಿಸ್ಚಾರ್ಜ್ ಚೀಟಿಯಲ್ಲಿ ಆಪರೇಷನ್ ಮುಂಚಿನ ಮ್ಯಾಕ್ಯುಲಾ ಸ್ಥಿತಿಯನ್ನೂ ಆರನೇ ವಾರದ ತಪಾಸಣೆಯ ತಾರೀಕನ್ನೂ ಕನ್ನಡದಲ್ಲೇ ಬರೆದುಕೊಡಬೇಕು.