ಟರ್ಬೈನಿನ ಗೋಡೆಗೆ ಉಬ್ಬುತಗ್ಗು: ಸುಳಿಗಳ ನಷ್ಟ ತಗ್ಗಿಸುವ ತಂತ್ರ

ವಿಮಾನದ ಜೆಟ್ ಎಂಜಿನ್‌ನಲ್ಲಿ ಉರಿದ ಅನಿಲದ ಶಕ್ತಿಯನ್ನು ತಿರುಗುವ ಶಕ್ತಿಯನ್ನಾಗಿ ಮಾರ್ಪಡಿಸುವ ಭಾಗವೇ ಟರ್ಬೈನ್. ಇದರಲ್ಲಿ ಸ್ಥಿರವಾಗಿ ನಿಂತ ಅಲಗುಗಳ ಸಾಲು ಮತ್ತು ತಿರುಗುವ ಅಲಗುಗಳ ಸಾಲು ಒಂದರ ಹಿಂದೊಂದು ಜೋಡಣೆಗೊಂಡಿರುತ್ತವೆ. ಅಕ್ಕಪಕ್ಕದ ಎರಡು ಅಲಗುಗಳ ನಡುವಿನ ಹಾದಿಯಲ್ಲಿ ಅನಿಲವು ಬಾಗಿ ಹರಿಯುತ್ತದೆ. ಈ ಹಾದಿಯನ್ನು ಅಲಗಿನ ಬುಡದಲ್ಲಿ ಮತ್ತು ತುದಿಯಲ್ಲಿ ಮುಚ್ಚುವ ಗೋಡೆಗಳಿಗೆ 'ಎಂಡ್‌ವಾಲ್' ಎಂದು ಹೆಸರು. ಬಹುಕಾಲ ನುಣುಪಾದ ಉರುಳೆ ಅಥವಾ ಶಂಕುವಿನ ಆಕಾರದಲ್ಲೇ ಇದ್ದ ಈ ಗೋಡೆಗಳಿಗೆ ಲೆಕ್ಕಹಾಕಿದ ಉಬ್ಬುತಗ್ಗುಗಳನ್ನು ಕೊಟ್ಟು ಟರ್ಬೈನಿನ ದಕ್ಷತೆಯನ್ನು ಹೆಚ್ಚಿಸುವ ತಂತ್ರ 1990ರ ದಶಕದಿಂದೀಚೆಗೆ ರೂಪುಗೊಂಡಿದೆ.

ದ್ವಿತೀಯಕ ಹರಿವು ಎಂದರೇನು?

ಲೋಟದಲ್ಲಿನ ಚಹಾವನ್ನು ಚಮಚದಿಂದ ಕಲಕಿ ಬಿಟ್ಟರೆ ತಳದಲ್ಲಿನ ಚರಟ ಅಂಚಿಗೆ ಸರಿಯದೆ ನಡುವೆ ಬಂದು ಗುಡ್ಡೆಯಾಗುತ್ತದೆ. ಸುತ್ತುತ್ತಿರುವ ದ್ರವದಲ್ಲಿ ಅಂಚಿನ ಒತ್ತಡ ಹೆಚ್ಚು, ನಡುವಿನ ಒತ್ತಡ ಕಡಿಮೆ. ಮೇಲಿನ ದ್ರವ ತನ್ನ ವೇಗದಿಂದ ಈ ಒತ್ತಡವನ್ನು ಸರಿದೂಗಿಸಿಕೊಳ್ಳುತ್ತದೆ. ತಳಕ್ಕೆ ತಾಗಿದ ದ್ರವ ಘರ್ಷಣೆಯಿಂದ ನಿಧಾನಗೊಂಡಿರುವುದರಿಂದ ಒಳಕ್ಕೆ ನೂಕಲ್ಪಡುತ್ತದೆ; ಚರಟವೂ ಅದರೊಡನೆ ಸಾಗುತ್ತದೆ.

ಟರ್ಬೈನಿನಲ್ಲೂ ನಡೆಯುವುದು ಇದೇ. ಅಲಗಿನ ತಗ್ಗು ಮೈಯ ಬಳಿ ಒತ್ತಡ ಹೆಚ್ಚು, ಎದುರಿನ ಅಲಗಿನ ಉಬ್ಬು ಮೈಯ ಬಳಿ ಕಡಿಮೆ. ಹಾದಿಯ ನಡುವಿನ ಅನಿಲ ವೇಗವಾಗಿ ಬಾಗಿ ಮುಂದೆ ಸಾಗಿದರೆ, ಗೋಡೆಗೆ ಅಂಟಿದ ನಿಧಾನದ ಪದರ ಅಡ್ಡಲಾಗಿ ಉಬ್ಬು ಮೈಯತ್ತ ಜಾರುತ್ತದೆ. ಮುಖ್ಯ ಪ್ರವಾಹಕ್ಕೆ ಅಡ್ಡವಾದ ಈ ಚಲನೆಯೇ ದ್ವಿತೀಯಕ ಹರಿವು.

ಇದರ ಜೊತೆಗೆ, ಅಲಗಿನ ಮುಂಚೂಣಿ ಗೋಡೆಯನ್ನು ಸಂಧಿಸುವಲ್ಲಿ ಕುದುರೆ ಲಾಳದ ಆಕಾರದ ಸುಳಿಯೊಂದು ಹುಟ್ಟುತ್ತದೆ. ಅದರ ಒಂದು ಕವಲು ಹಾದಿಯನ್ನು ದಾಟಿ, ಅಡ್ಡಹರಿವನ್ನೂ ಸೇರಿಸಿಕೊಂಡು ದೊಡ್ಡ ಸುಳಿಯಾಗಿ ಬೆಳೆಯುತ್ತದೆ.

ನಷ್ಟವೇನು?

ಸುಳಿಯಲ್ಲಿ ಸುತ್ತುವ ಶಕ್ತಿ ಬಹುಪಾಲು ಉಪಯುಕ್ತ ಕೆಲಸಕ್ಕೆ ಬಾರದೆ ಕೊನೆಗೆ ಶಾಖವಾಗಿ ಕರಗಿಹೋಗುತ್ತದೆ. ಮುಂದಿನ ಸಾಲಿನ ಅಲಗುಗಳಿಗೆ ಅನಿಲ ತಪ್ಪು ಕೋನದಲ್ಲಿ ಬಂದು ಬಡಿಯುತ್ತದೆ. ಗೋಡೆಯನ್ನು ತಂಪಾಗಿಡಲು ಹರಿಸಿದ ಗಾಳಿಯನ್ನೂ ಸುಳಿ ಗುಡಿಸಿಕೊಂಡು ಹೋಗುವುದರಿಂದ ಲೋಹ ಬಿಸಿ ಅನಿಲಕ್ಕೆ ಒಡ್ಡಿಕೊಳ್ಳುತ್ತದೆ. ಒಂದು ಅಲಗುಸಾಲಿನ ಒಟ್ಟು ನಷ್ಟದಲ್ಲಿ ಗೋಡೆಯಂಚಿನ ಪಾಲು ಅನೇಕ ವೇಳೆ ಮೂರನೆಯ ಒಂದು ಭಾಗದಷ್ಟಿರುತ್ತದೆ. ಅಲಗು ಗಿಡ್ಡವಾದಷ್ಟೂ ಈ ಪಾಲು ಹೆಚ್ಚು.

ಉಬ್ಬುತಗ್ಗಿನ ಪಾತ್ರ

ಅಡ್ಡಹರಿವಿಗೆ ಮೂಲ ಒತ್ತಡದ ವ್ಯತ್ಯಾಸ. ಒತ್ತಡ ಹೆಚ್ಚಿರುವ ಕಡೆ ಗೋಡೆಯನ್ನು ಉಬ್ಬಿಸಿದರೆ ಅಲ್ಲಿ ಅನಿಲದ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಒತ್ತಡ ಕಡಿಮೆ ಇರುವ ಕಡೆ ತಗ್ಗು ಮಾಡಿದರೆ ವೇಗ ಕುಗ್ಗಿ ಒತ್ತಡ ಏರುತ್ತದೆ. ಹೀಗೆ ಗೋಡೆಯ ಬಳಿ ಎರಡು ಬದಿಗಳ ಅಂತರ ಕಿರಿದಾಗಿ ಸುಳಿಯ ಬಲ ಕುಂದುತ್ತದೆ. ಇದಕ್ಕೆ ಹೆಚ್ಚುವರಿ ಚಲಿಸುವ ಭಾಗವಾಗಲಿ, ಹೆಚ್ಚುವರಿ ಶಕ್ತಿಯಾಗಲಿ ಬೇಕಿಲ್ಲ.

ಬೆಳೆದು ಬಂದ ಬಗೆ

ನಾಸಾದ ಪೂರ್ವಸಂಸ್ಥೆಯಾದ ಅಮೆರಿಕದ ಎನ್‌ಎಸಿಎ 1954ರಲ್ಲಿ ಪ್ರಕಟಿಸಿದ ವರದಿಯೊಂದು ಹೊಗೆಯ ಎಳೆಗಳ ನೆರವಿನಿಂದ ಈ ಹರಿವನ್ನು ಕಣ್ಣಿಗೆ ಕಾಣುವಂತೆ ಮಾಡಿತು. 1977ರಲ್ಲಿ ಲ್ಯಾಂಗ್ಸ್ಟನ್ ಮತ್ತು ಸಂಗಡಿಗರು ಸುಳಿಗಳ ರಚನೆಯನ್ನು ವಿವರವಾಗಿ ಅಳೆದು ತೋರಿಸಿದರು. ಸುತ್ತಲೂ ಒಂದೇ ಆಕಾರವಿರದ, ಪ್ರತಿ ಹಾದಿಯೊಳಗೂ ಏರಿಳಿಯುವ ಗೋಡೆಯ ಪರಿಕಲ್ಪನೆಯನ್ನು 1994ರಲ್ಲಿ ಬ್ರಿಟನ್ನಿನ ರೋಲ್ಸ್‌ರಾಯ್ಸ್‌ನ ಮಾರ್ಟಿನ್ ರೋಸ್ ಮಂಡಿಸಿದರು. 2000ದಲ್ಲಿ ಡರ್ಹಮ್ ವಿಶ್ವವಿದ್ಯಾಲಯ ಮತ್ತು ರೋಲ್ಸ್‌ರಾಯ್ಸ್ ಸೇರಿ ಅಂಥ ಗೋಡೆಯ ವಿನ್ಯಾಸವನ್ನೂ ಪ್ರಯೋಗ ಫಲಿತಾಂಶವನ್ನೂ ಪ್ರಕಟಿಸಿದವು.

ನಂತರದ ಹೆಜ್ಜೆ ತಿರುಗುವ ಟರ್ಬೈನಿನದು. ಟ್ರೆಂಟ್ 500 ಎಂಜಿನ್ನಿನ ಅಧಿಕ ಒತ್ತಡದ ಟರ್ಬೈನಿನ ಮಾದರಿಯಲ್ಲಿ ದಕ್ಷತೆ ಶೇ 0.59ರಷ್ಟು ಹೆಚ್ಚಿತು, ಅಳತೆಯ ಅನಿಶ್ಚಿತತೆ ಶೇ 0.25. ಮಧ್ಯಮ ಒತ್ತಡದ ಟರ್ಬೈನಿನಲ್ಲಿ ಏರಿಕೆ ಶೇ 0.9, ಅನಿಶ್ಚಿತತೆ ಶೇ 0.4. ಅನಿಶ್ಚಿತತೆಯನ್ನು ಕಳೆದರೂ ಲಾಭ ಉಳಿಯುತ್ತದೆ ಎಂಬುದೇ ಈ ಅಂಕಿಗಳ ಮಹತ್ವ.

ಮಿತಿಗಳು

ಕಂಪ್ಯೂಟರ್ ಲೆಕ್ಕಾಚಾರವು ಸುಳಿಯ ಸ್ವರೂಪವನ್ನು ಚೆನ್ನಾಗಿ ಹೇಳಿದರೂ ನಷ್ಟದ ಪ್ರಮಾಣವನ್ನು ಅಷ್ಟೇ ನಿಖರವಾಗಿ ಹೇಳಲಾರದು. ಆದ್ದರಿಂದ ವಿನ್ಯಾಸಕಾರರು ಹಲವು ವೇಳೆ ನಷ್ಟದ ಬದಲು ಸುಳಿಯ ಶಕ್ತಿಯನ್ನೇ ತಗ್ಗಿಸುವ ಗುರಿ ಇಟ್ಟುಕೊಳ್ಳುತ್ತಾರೆ. ಪ್ರಯೋಗಶಾಲೆಯ ಗೋಡೆ ಅಖಂಡವಾಗಿದ್ದರೆ, ನಿಜವಾದ ಎಂಜಿನ್ನಿನಲ್ಲಿ ಅಲಗುಗಳ ಬುಡದ ಭಾಗಗಳ ನಡುವೆ ಬಿರುಕುಗಳಿರುತ್ತವೆ. ಬಿಸಿ ಅನಿಲ ಒಳನುಗ್ಗದಂತೆ ಸಂದುಗಳಿಂದ ತಂಪು ಗಾಳಿಯನ್ನೂ ಹೊರಬಿಡಲಾಗುತ್ತದೆ. ಈ ಗಾಳಿ ಗೋಡೆಯ ಪದರವನ್ನು ಕದಡಿ ಉಬ್ಬುತಗ್ಗಿನಿಂದ ದೊರೆತ ಲಾಭವನ್ನು ತಿಂದುಹಾಕಬಹುದು. ಹಾಗಾಗಿ ಗೋಡೆಯ ಆಕಾರ, ಸಂದು ಮತ್ತು ತಂಪು ಗಾಳಿ ಮೂರನ್ನೂ ಒಟ್ಟಿಗೆ ಇಟ್ಟು ವಿನ್ಯಾಸಗೊಳಿಸುವುದು ಅಗತ್ಯ.

ಶೇಕಡಾ ಅರ್ಧದ ಗಳಿಕೆ ಅಲ್ಪವೆನಿಸಬಹುದು. ಆದರೆ ವಿಮಾನದ ಎಂಜಿನ್ ದಶಕಗಳ ಕಾಲ ಹಾರುತ್ತದೆ. ಅದು ಸುಡುವ ಇಂಧನವೇ ವಿಮಾನಯಾನದ ದೊಡ್ಡ ಖರ್ಚುಗಳಲ್ಲಿ ಒಂದು. ಅಲಗುಗಳ ಆಕಾರ ಈಗಾಗಲೇ ಸಾಕಷ್ಟು ಪರಿಷ್ಕೃತಗೊಂಡಿರುವಾಗ, ಉಳಿದ ನಷ್ಟವನ್ನು ಹುಡುಕಬೇಕಾದ ಮುಖ್ಯ ಜಾಗಗಳಲ್ಲಿ ಈ ಗೋಡೆಯೂ ಸೇರಿದೆ.